ಹೂಂ ಅಂದವರ ಪಾಲು

ರಾಗಿ ಕೊಯ್ಲು ಮುಗಿದು ಮೆದೆ ಬಿದ್ದ ಮೇಲೆ, ಚಳಿ ಬಲಿತ ಯಾವುದೋ ಒಂದು ಸಂಜೆ ನಮ್ಮ ಹೊಲದ ಬದುವಿನ ಆಚೆಯಿಂದ ಒಂದು ಕೂಗು ಬರುತ್ತಿತ್ತು. ‘ಸಾಮೀ... ಮೀ ಸೇನ್ಲೋಕಿ ದಿಗೊಚ್ಚಾ?’ ಸ್ವಾಮಿ, ನಿಮ್ಮ ಹೊಲಕ್ಕೆ ಇಳಿಯಬಹುದಾ ಎಂದು ಅದರರ್ಥ. ಶ್ರೀನಿವಾಸಪುರ ತಾಲ್ಲೂಕಿನಲ್ಲಿ ರಾಯಲ್ಪಾಡಿನ ಕಡೆಗೆ, ಆಂಧ್ರದ ಗಡಿಗೆ ಅಂಟಿಕೊಂಡಂತಿರುವ ಊರುಗಳಲ್ಲಿ ಜಗಳ, ವ್ಯಾಪಾರ, ಮದುವೆ ಮಾತುಕತೆ ಎಲ್ಲವೂ ಅರ್ಧ ಕನ್ನಡ, ಅರ್ಧ ತೆಲುಗು. ಕೂಗುತ್ತಿದ್ದವರನ್ನು ನಮ್ಮ ತಾತ ‘ಬಲೆಯವರು’ ಎನ್ನುತ್ತಿದ್ದ. ಅವರ ಹೆಸರು, ಕುಲ ಯಾವುದನ್ನೂ ನಾನು ಕೇಳಿದ ನೆನಪಿಲ್ಲ. ವರ್ಷಕ್ಕೊಂದೋ ಎರಡೋ ಸಲ, ಮೊಲಕ್ಕೆ ಮತ್ತು ಗೌಜಲಕ್ಕಿಗೆ ಬಲೆ ಹಾಕಲು ಬರುತ್ತಿದ್ದರು.

ಕೂಗಿದವರು ಬದು ದಾಟುತ್ತಿರಲಿಲ್ಲ. ತಾತ ಪಂಚೆ ಎತ್ತಿ ಕಟ್ಟಿ, ಲಾಟೀನು ಹಿಡಿದು, ಅವಸರವಿಲ್ಲದೆ ಅಲ್ಲಿಗೆ ಹೋಗುತ್ತಿದ್ದ. ಹಿಂದೆ ನಾನು. ಅಲ್ಲಿ ತಾತ ಕೇಳುತ್ತಿದ್ದುದು ಮೂರೇ ಪ್ರಶ್ನೆ: ಎಷ್ಟು ಜನ ಇದ್ದೀರ? ಯಾವ ಕಡೆಯಿಂದ ಇಳೀತೀರ? ಯಾವಾಗ ಎದ್ದು ಹೋಗ್ತೀರ? ‘ಎಲ್ಲಿಗೆ’ ಎಂದು ಮಾತ್ರ ಕೇಳುತ್ತಿರಲಿಲ್ಲ. ಬೇಟೆಗೆ ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಬರಿಗೈಲಿ ಬರುತ್ತಾರೆ ಎಂಬ ನಂಬಿಕೆ. ಅವರು ಉತ್ತರ ಹೇಳಿದ ಮೇಲೆ ತಾತನ ಸರದಿ. ಬೇವಿನ ಮರದ ಹಿಂದೆ ಹಾಳು ಬಾವಿ ಐತೆ, ಕಟ್ಟೆ ಇಲ್ಲ, ಕತ್ತಲಲ್ಲಿ ಆ ಕಡೆ ಓಡ್ಬೇಡಿ. ಮೇಲಿನ ಹೊಲದ ಅವರೆ ಇನ್ನೂ ಹೂವಲ್ಲೈತೆ, ಅದಕ್ಕೆ ಇಳೀಬೇಡಿ. ಕಣದ ಹತ್ತಿರ ಬೀಡಿ ಹಚ್ಚಬೇಡಿ. ಇಷ್ಟು ಹೇಳಿ, ಕೊನೆಗೆ ‘ಹೂಂ’ ಅನ್ನುತ್ತಿದ್ದ. ಆ ‘ಹೂಂ’ ಬಿದ್ದ ಮೇಲೆಯೇ ಅವರ ಕಾಲು ನಮ್ಮ ಮಣ್ಣಿಗೆ ಬೀಳುತ್ತಿದ್ದುದು.

ಅವರಿಗೂ ಅವರದೇ ಕಟ್ಟುಪಾಡುಗಳಿದ್ದವು. ಕುಂಟೆಗೆ ನೀರು ಕುಡಿಯಲು ಬಂದದ್ದನ್ನು ಹಿಡಿಯುವ ಹಾಗಿಲ್ಲ. ಬಲೆಗೆ ಬಿದ್ದ ಮೊಲ ಗಬ್ಬವಾಗಿದ್ದರೆ ಬಿಟ್ಟುಬಿಡಬೇಕು. ಬೇಲಿ ಸರಿಸಿದರೆ ಹೋಗುವಾಗ ಮತ್ತೆ ಮುಚ್ಚಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಸಿಕ್ಕಿದ್ದರಲ್ಲಿ ಒಂದು ತೊಡೆ ಹೊಲದವರಿಗೆ. ಅದಕ್ಕೆ ‘ಹೊಲದ ಪಾಲು’ ಎನ್ನುತ್ತಿದ್ದರು. ಏನೂ ಸಿಗದಿದ್ದರೂ ಬಂದು, ಏನೂ ಸಿಗಲಿಲ್ಲ ಸಾಮಿ ಎಂದು ಹೇಳಿ ಹೋಗಬೇಕು. ಅಜ್ಜಿ ಆ ಪಾಲನ್ನು ಒಳಗಿನ ಒಲೆಗೆ ಏರಿಸುತ್ತಿರಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಅದಕ್ಕೆಂದೇ ಇಟ್ಟಿದ್ದ ಮಡಕೆಯಲ್ಲಿ ಸಾರು ಮಾಡುತ್ತಿದ್ದಳು. ಬಂದವರಿಗೆ ಅಲ್ಲೇ ಮುದ್ದೆ, ಸೊಪ್ಪಿನ ಸಾರು. ನಮ್ಮ ತಟ್ಟೆಯಲ್ಲಿ ಅಲ್ಲ, ಮುತ್ತುಗದ ಎಲೆಯಲ್ಲಿ. ಇದನ್ನು ಹೇಳದೆ ಬಿಟ್ಟರೆ ನೆನಪು ಸುಳ್ಳಾಗುತ್ತದೆ.

ಹಳ್ಳಿಯ ಈ ನಡವಳಿಕೆ ಹಳ್ಳಿಯಲ್ಲೇ ಹುಟ್ಟಿ ಹಳ್ಳಿಯಲ್ಲೇ ಮುಗಿದುಹೋದದ್ದು ಎಂದು ನಾನು ಬಹಳ ಕಾಲ ಅಂದುಕೊಂಡಿದ್ದೆ. ಈಚೆಗೆ ಬೇರೆ ಒಂದು ಕಾರಣಕ್ಕೆ, ಆ ಕಾರಣವನ್ನು ಮುಂದೆ ಹೇಳುತ್ತೇನೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ಓದಬೇಕಾಗಿ ಬಂತು. ಈಗಿನದನ್ನಲ್ಲ, ಅದು ಮೊದಲು ಹೇಗಿತ್ತೋ ಹಾಗೆ. ಅದರಲ್ಲಿ 17ನೇ ಸೆಕ್ಷನ್ ಎಂಬುದೊಂದಿತ್ತು. ಪರವಾನಗಿ ಪಡೆದು ಬೇಟೆಯಾಡುವವರು ಏನೇನು ಮಾಡಬಾರದು ಎಂಬ ಪಟ್ಟಿ. ವಾಹನದಲ್ಲಿ ಕೂತು ಬೇಟೆಯಾಡಬಾರದು. ಸೂರ್ಯ ಮುಳುಗಿದ ಮೇಲೆ ಆಡಬಾರದು. ಬೇಟೆಗಾಗಿ ಗಿಡಗಂಟೆಗೆ ಬೆಂಕಿ ಹಚ್ಚಬಾರದು. ಪ್ರಾಣಿಗಳು ನೀರು ಕುಡಿಯುವ ಜಾಗದಲ್ಲಿ, ಅಲ್ಲಿಗೆ ಹೋಗುವ ದಾರಿಯಲ್ಲಿ ಹೊಂಚು ಹಾಕಬಾರದು. ವಿಷ, ಉರುಳು, ಗುಂಡಿ ಕೂಡದು. ಆ ಪಟ್ಟಿಯ ಕೊನೆಯ ಕಡೆ ಒಂದು ಸಾಲು: ಸರ್ಕಾರಕ್ಕೆ ಸೇರದ ಜಮೀನಿನಲ್ಲಿ, ಅದರ ಮಾಲೀಕನ, ಅವನ ಕಡೆಯವನ ಅಥವಾ ಅದನ್ನು ಕಾನೂನು ಪ್ರಕಾರ ಅನುಭವಿಸುತ್ತಿರುವವನ ಒಪ್ಪಿಗೆ ಇಲ್ಲದೆ ಬೇಟೆಯಾಡಬಾರದು.

ಓದಿ ಒಂದು ನಿಮಿಷ ಸುಮ್ಮನೆ ಕೂತೆ. ಬದುವಿನಾಚೆ ನಿಂತು ಕೂಗುತ್ತಿದ್ದ ಆ ದನಿ ಭಾರತದ ಸಂಸತ್ತು ಒಪ್ಪಿದ ಕಾಯಿದೆಯೊಳಗೆ ಇತ್ತು. ಬಲೆಯವರು ಅದನ್ನು ಓದಿರಲಿಲ್ಲ, ತಾತನೂ ಓದಿರಲಿಲ್ಲ. ಹಾಗೆಂದು ಅವರು ಕಾನೂನಿನಂತೆ ನಡೆಯುತ್ತಿದ್ದರು ಎಂದೂ ಅಲ್ಲ. ಅವರ ಹತ್ತಿರ ಪರವಾನಗಿ ಇರಲಿಲ್ಲ. ಅವರ ಬಲೆ, ನಾಯಿ, ರಾತ್ರಿಯ ಹೊತ್ತು ಎಲ್ಲವೂ ಅದೇ ಪಟ್ಟಿಯ ಪ್ರಕಾರ ತಪ್ಪು. 1991ರ ತಿದ್ದುಪಡಿಯಲ್ಲಿ ಬೇಟೆಯ ಪರವಾನಗಿಗಳೇ ಹೋದವು. ಅವುಗಳ ಜೊತೆ ಈ 17ನೇ ಸೆಕ್ಷನ್ನೂ ಹೋಯಿತು. ಬೇಟೆಯೇ ನಿಷಿದ್ಧವಾದ ಮೇಲೆ ಬೇಟೆಯ ಶಿಷ್ಟಾಚಾರ ಯಾಕೆ ಬೇಕು? ತರ್ಕ ಸರಿಯಾಗಿಯೇ ಇದೆ. ಆ ನಿಷೇಧವನ್ನು ನಾನು ಒಪ್ಪುತ್ತೇನೆ ಕೂಡ. ಆದರೆ ಆ ಸಾಲು ಕೇವಲ ಬೇಟೆಯ ಬಗ್ಗೆ ಇತ್ತೇ ಎಂಬುದು ನನ್ನನ್ನು ಕಾಡುವ ಪ್ರಶ್ನೆ.

ಬಲೆಯವರ ಕೂಗು ನಮ್ಮ ಹೊಲದಲ್ಲಿ ನಿಂತದ್ದು ಕಾಯಿದೆಯಿಂದಲ್ಲ. ನನಗೆ ಆಗ ಹತ್ತು ವರ್ಷ. ಆ ವರ್ಷ ಅವರು ಬಂದು ಹೋದ ಮಾರನೆಯ ಬೆಳಿಗ್ಗೆ, ಊರಿನ ಇನ್ನೊಂದು ದಿಕ್ಕಿನಲ್ಲಿದ್ದ ದೊಡ್ಡ ಮನೆಯವರ ಪಂಪ್‌ಸೆಟ್ಟಿನಿಂದ ತಾಮ್ರದ ತಂತಿ ಕಳುವಾಗಿತ್ತು. ಹತ್ತು ಗಂಟೆಯ ಹೊತ್ತಿಗೆಲ್ಲ ಅರಳಿಕಟ್ಟೆಯಲ್ಲಿ ತೀರ್ಮಾನ ಆಗಿಬಿಟ್ಟಿತ್ತು. ರಾತ್ರಿ ಓಡಾಡಿದವರು ಯಾರು? ಬಲೆಯವರು. ಇನ್ನೇನು ಕೇಳುವುದಿದೆ? ಕೆರೆಯ ಅಂಗಳದಲ್ಲಿ ಬೀಡು ಬಿಟ್ಟಿದ್ದವರನ್ನು ಕರೆತಂದು ನಿಲ್ಲಿಸಿದರು. ಅವರಲ್ಲಿ ಹಿರಿಯ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ: ನಾವು ಕೇಳಿ ಇಳಿದವರು ಸಾಮಿ, ಕೇಳಿ ಇಳಿದವರು. ಹೇಳುತ್ತ ತಾತನ ಕಡೆ ನೋಡುತ್ತಿದ್ದ.

ಆ ರಾತ್ರಿ ಅವರು ಎಲ್ಲಿದ್ದರು ಎಂಬುದು ತಾತನಿಗೆ ಗೊತ್ತಿತ್ತು. ಆರು ಜನ, ಗುಟ್ಟೆಯ ಕಡೆಯಿಂದ ಇಳಿದವರು. ಕೋಳಿ ಕೂಗುವ ಮೊದಲು ನಮ್ಮ ಹಿತ್ತಲಿಗೆ ಬಂದು ಪಾಲು ಕೊಟ್ಟು, ಮುದ್ದೆ ಉಂಡು ಹೋದವರು. ನನಗೂ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು. ಆದರೆ ತಂತಿ ಕಳೆದುಕೊಂಡ ಮನೆಗೂ ನಮಗೂ ಕೊಡುವ ತೆಗೆದುಕೊಳ್ಳುವ ನಂಟಿತ್ತು. ಆ ವರ್ಷ ಅತ್ತೆಯ ಮದುವೆಗೆ ಅವರಿಂದ ಕೈಸಾಲ ತಂದಿದ್ದರು. ತಾತ ಹೆಗಲ ಮೇಲಿನ ಟವೆಲ್ಲನ್ನು ಒಮ್ಮೆ ತೆಗೆದು ಕೊಡವಿ ಮತ್ತೆ ಹಾಕಿಕೊಂಡ. ಏನೂ ಹೇಳಲಿಲ್ಲ. ಬಲೆಗಳನ್ನು ಕಿತ್ತುಕೊಂಡು ಅಲ್ಲೇ ಸುಟ್ಟರು. ದಾರದ ಬಲೆ ಸುಡಲು ಬಹಳ ಹೊತ್ತು ಬೇಕಾಗಲಿಲ್ಲ. ಅವರಿಗೆ ಅದನ್ನು ಹೆಣೆಯಲು ಎಷ್ಟು ಕಾಲ ಹಿಡಿದಿತ್ತೋ.

ರಾತ್ರಿ ನಾನು, ‘ತಾತ, ಅವರು ನಮ್ಮನೇಲಿ ಇದ್ರಲ್ಲ’ ಎಂದೆ. ‘ಮಲ್ಕೋ’ ಎಂದ. ಮುಂದಿನ ವರ್ಷ ಚಳಿ ಬಂತು, ಅವರೆ ಹೂ ಬಿಟ್ಟಿತು, ಕೂಗು ಬರಲಿಲ್ಲ. ತಾತ ಸಂಜೆ ಜಗಲಿಯ ಮೇಲೆ ಕೂತು ಬದುವಿನ ಕಡೆ ನೋಡುತ್ತಿದ್ದನೋ, ನನಗೆ ಹಾಗೆ ಅನಿಸುತ್ತಿತ್ತೋ ಈಗ ಹೇಳಲಾರೆ. ತಂತಿ ಕದ್ದವರು ಯಾರೆಂದು ಊರಿಗೆ ಇವತ್ತಿಗೂ ಗೊತ್ತಿಲ್ಲ.

ಎಷ್ಟೋ ವರ್ಷಗಳ ನಂತರ ಆ ಜಮೀನು ನನ್ನ ಹೆಸರಿಗೆ ಬಂತು. ನಾನಿರುವುದು ಬೆಂಗಳೂರಿನಲ್ಲಿ. ಅರ್ಧ ಜಮೀನಿಗೆ ಅಪ್ಪನ ಕಾಲದಲ್ಲೇ ಮಾವು ಬಿದ್ದಿತ್ತು. ಶ್ರೀನಿವಾಸಪುರದವರು ಮಾವು ಬಿಟ್ಟು ಬೇರೇನು ಹಾಕುತ್ತಾರೆ? ಉಳಿದರ್ಧದಲ್ಲಿ ರಾಗಿ, ಕಡಲೆಕಾಯಿ. ನೋಡಿಕೊಳ್ಳುವವನೊಬ್ಬನಿದ್ದಾನೆ. ನನಗಿಂತ ಹತ್ತು ವರ್ಷ ಚಿಕ್ಕವನು, ನನ್ನನ್ನು ಅಣ್ಣಾ ಎನ್ನುತ್ತಾನೆ. ಮೈಮುರಿದು ದುಡಿಯುವವನು. ಕಳೆದ ಕೆಲವು ವರ್ಷಗಳಿಂದ ಅವನ ಫೋನಿನಲ್ಲಿ ಒಂದೇ ಗೋಳು: ಹಂದಿ.

ನನ್ನ ಬಾಲ್ಯದಲ್ಲಿ ಕಾಡುಹಂದಿ ಬೆಟ್ಟದಾಚೆಯ ಮಾತಾಗಿತ್ತು. ಈಗ ಅದು ಊರಿನ ಪಕ್ಕದ ಪ್ರಾಣಿ. ಒಣಗಿದ ಕೆರೆಯಂಗಳಗಳನ್ನು ಸೀಮೆಜಾಲಿ ಮುಚ್ಚಿಕೊಂಡಿದೆ, ಬೀಡುಬಿಟ್ಟ ಹೊಲಗಳಲ್ಲಿ ಲಂಟಾನ ಬೆಳೆದಿದೆ. ಹಗಲು ಅಲ್ಲಿ ಮಲಗಿ ರಾತ್ರಿ ಹೊಲಕ್ಕೆ ಇಳಿಯಲು ಅದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಕಡಲೆಕಾಯಿ ಹೊಲಕ್ಕೆ ಒಂದು ಹಿಂಡು ಒಂದು ರಾತ್ರಿ ಇಳಿದರೆ, ಬೆಳಿಗ್ಗೆ ಅದು ನೇಗಿಲು ಹೂಡಿದಂತೆ ಕಾಣುತ್ತದೆ. ಮಾಲೂರು, ಬಂಗಾರಪೇಟೆಯ ಕಡೆಯವರನ್ನು ಕೇಳಿದರೆ ಅವರು ನಕ್ಕಾರು. ಅವರಿಗೆ ತಮಿಳುನಾಡಿನ ಗಡಿಯಿಂದ ಬರುವುದು ಆನೆ. ಆನೆ ಬಂದರೆ ಸುದ್ದಿಯಾಗುತ್ತದೆ, ಅಧಿಕಾರಿಗಳು ಬರುತ್ತಾರೆ. ಹಂದಿ ಬಂದರೆ ಸುದ್ದಿಯಾಗುವುದಿಲ್ಲ, ಸಾಲ ಮಾತ್ರ ಉಳಿಯುತ್ತದೆ.

ಮೂರು ವರ್ಷದ ಹಿಂದೆ ಒಂದು ರಾತ್ರಿ ಅವನ ಫೋನು ಬಂತು. ನಾನು ಟ್ರಾಫಿಕ್ಕಿನಲ್ಲಿದ್ದೆ. ‘ಅಣ್ಣಾ, ಹಂದಿಗೆ ಏನಾರ ಮಾಡೋಣ ಅಂತ ಪಕ್ಕದೂರ ಹುಡುಗ್ರು ಬಂದವ್ರೆ. ಹೂಂ ಅನ್ಲಾ?’ ಹಿಂದಿನ ಗಾಡಿಯವನು ಹಾರನ್ನು ಹೊಡೆಯುತ್ತಿದ್ದ. ‘ನೀನೇ ನೋಡ್ಕೋಪ್ಪ, ಹೂಂ ಅನ್ನು’ ಎಂದೆ. ಎಷ್ಟು ಜನ ಎಂದು ಕೇಳಲಿಲ್ಲ. ಯಾವ ಕಡೆಯಿಂದ ಎಂದು ಕೇಳಲಿಲ್ಲ. ಏನು ಮಾಡುತ್ತಾರೆ ಎಂದೂ ಕೇಳಲಿಲ್ಲ. ಗೊತ್ತಾಗದೆ ಇರುವುದೇ ಒಳ್ಳೆಯದು ಎಂಬ ಲೆಕ್ಕ ಮನಸ್ಸಿನ ಒಂದು ಮೂಲೆಯಲ್ಲಿ ಇತ್ತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಅವರು ಹಾಕಿದ್ದು ಉರುಳು. ಬೈಕಿನ ಕ್ಲಚ್ ವೈರಿನದು. ಬೇಲಿಯಲ್ಲಿ ಹಂದಿ ನುಗ್ಗಿ ನುಗ್ಗಿ ಮಾಡಿಕೊಂಡ ಕಂಡಿಗಳಿರುತ್ತವಲ್ಲ, ಅಲ್ಲಿ ಮೊಳಕಾಲೆತ್ತರಕ್ಕೆ ಕುಣಿಕೆ ಬಿಟ್ಟು, ಇನ್ನೊಂದು ತುದಿಯನ್ನು ಗಟ್ಟಿ ಬುಡಕ್ಕೆ ಬಿಗಿದಿದ್ದರು. ದಾರದ ಬಲೆ ಹಾಕಿದವನು ಅದರ ಪಕ್ಕದಲ್ಲೇ ಕೂತಿರಬೇಕು. ಬಿದ್ದದ್ದು ಏನು, ಗಬ್ಬವೋ ಮರಿಯೋ ಎಂದು ನೋಡುತ್ತಾನೆ, ಬಿಡಲೂ ಬಲ್ಲ. ತಂತಿಯ ಉರುಳಿಗೆ ಯಾರೂ ಕಾಯುವುದಿಲ್ಲ. ಹಾಕಿದವನು ಮನೆಯಲ್ಲಿ ಮಲಗಿರುತ್ತಾನೆ. ಅದಕ್ಕೆ ಹಂದಿ, ಮುಳ್ಳುಹಂದಿ, ಕರು, ಮನುಷ್ಯನ ಕಾಲು ಎಲ್ಲವೂ ಒಂದೇ.

ಬಿದ್ದದ್ದು ಪಕ್ಕದ ಹೊಲದ ಅಕ್ಕನ ನಾಯಿ. ಆ ಅಕ್ಕನಿಗೆ ಹನ್ನೆರಡು ಕುರಿ. ಗಂಡ ತೀರಿದ ಮೇಲೆ ಅವೇ ಅವಳ ಬ್ಯಾಂಕು. ಕೊಯ್ಲಾದ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಮಂದೆ ಹಾಕಿ, ತಾನೂ ಅಲ್ಲೇ ಕಂಬಳಿ ಹೊದ್ದು ಮಲಗುತ್ತಾಳೆ. ರಾತ್ರಿ ಏನನ್ನೋ ಅಟ್ಟಿಕೊಂಡು ಹೋದ ನಾಯಿ ಬೇಲಿಯ ಕಂಡಿಯಲ್ಲಿ ನುಗ್ಗಿದೆ. ಕುಣಿಕೆ ನಡುವಿಗೆ ಬಿದ್ದಿದೆ. ಎಳೆದಷ್ಟೂ ಬಿಗಿಯುವುದು ಅದರ ಗುಣ. ಅಕ್ಕ ಕತ್ತಲಲ್ಲಿ ದನಿ ಕೇಳಿ ಹುಡುಕಿದ್ದಾಳೆ, ಕುರಿ ಬಿಟ್ಟು ದೂರ ಹೋಗಲಾಗಿಲ್ಲ. ಬೆಳಕು ಹರಿಯುವಷ್ಟರಲ್ಲಿ ದನಿ ನಿಂತಿತ್ತು.

ಆ ಭಾನುವಾರ ನಾನು ಊರಿಗೆ ಹೋದೆ. ದುಡ್ಡು ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದೆ. ಅಕ್ಕ ಬೈಯುತ್ತಾಳೆ, ಕೊಟ್ಟು ಕೈಮುಗಿದು ಬರೋಣ ಎಂಬುದು ನನ್ನ ಅಂದಾಜು. ಅವಳು ಬೈಯಲಿಲ್ಲ. ಕೂರು ಎಂದಳು. ಆಮೇಲೆ ಕೇಳಿದಳು: ‘ಆ ಹುಡುಗ್ರು ನಿನ್ನ ಕೇಳಿ ಹಾಕಿದ್ರಾ, ಕೇಳದಂಗೆ ಹಾಕಿದ್ರಾ? ಅಷ್ಟು ಹೇಳಪ್ಪಾ, ಸಾಕು.’

ಕೇಳದೆ ಹಾಕಿದರು ಎನ್ನಬಹುದಿತ್ತು. ಒಂದು ಕ್ಷಣ ಆ ಮಾತು ನಾಲಿಗೆಯ ತನಕ ಬಂದಿತ್ತು. ಹಾಗೆಂದಿದ್ದರೆ ಊರು ನನ್ನನ್ನೇ ನಂಬುತ್ತಿತ್ತು. ಅರಳಿಕಟ್ಟೆಯ ಮುಂದೆ ನಿಂತು ಕೇಳಿ ಇಳಿದವರು ಸಾಮಿ ಎನ್ನುತ್ತಿದ್ದ ಮುಖ ನೆನಪಿಗೆ ಬಂತು ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜವಾಗಿ ಆಗ ಏನೂ ನೆನಪಾಗಲಿಲ್ಲ. ಸುಳ್ಳು ಹೇಳುವಷ್ಟು ಧೈರ್ಯ ಬರಲಿಲ್ಲ ಅಷ್ಟೆ. ‘ಕೇಳಿದ್ರು ಅಕ್ಕ. ನಾನೇ ಹೂಂ ಅಂದೆ’ ಎಂದೆ.

‘ಕೇಳ್ದಾಗ, ಆ ಕಂಡಿ ಹತ್ರ ಅಕ್ಕನ ಮಂದೆ ಐತೆ ಅಂತ ಹೇಳ್ಬೇಕಾಗಿತ್ತಲ್ಲಪ್ಪಾ.’

ಅಷ್ಟೇ ಅವಳು ಹೇಳಿದ್ದು. ನಾನು ಹೇಳುವುದಾದರೂ ಹೇಗೆ? ಅವಳ ಮಂದೆ ಅಲ್ಲಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಆಗ ಮಾತ್ರ ತಾತನ ಲಾಟೀನು ನೆನಪಾಯಿತು. ಬೇವಿನ ಮರದ ಹಿಂದೆ ಹಾಳು ಬಾವಿ ಐತೆ, ಕಟ್ಟೆ ಇಲ್ಲ. ಒಪ್ಪಿಗೆ ಎಂದರೆ ‘ಹೂಂ’ ಎಂಬ ಒಂದು ಸದ್ದಲ್ಲ, ಅದರ ಹಿಂದಿನ ಮಾತುಕತೆ. ಬರುವವನು ತಾನು ಯಾರು, ಎಷ್ಟು ಜನ ಎಂದು ಹೇಳುತ್ತಾನೆ. ಇರುವವನು ಎಲ್ಲಿ ಬಾವಿ ಇದೆ, ಎಲ್ಲಿ ಹೂವಿದೆ, ಎಲ್ಲಿ ಯಾರು ಮಲಗಿದ್ದಾರೆ ಎಂದು ಹೇಳುತ್ತಾನೆ. ಹೇಳಬೇಕಾದರೆ ಗೊತ್ತಿರಬೇಕು. ಗೊತ್ತಿರಬೇಕಾದರೆ ಅಲ್ಲಿರಬೇಕು, ಇಲ್ಲವೇ ಕೇಳಿ ತಿಳಿದುಕೊಂಡಿರಬೇಕು. ಪಹಣಿಯಲ್ಲಿ ನನ್ನ ಹೆಸರಿತ್ತು. ಹೂಂ ಎನ್ನುವ ಯೋಗ್ಯತೆ ಇರಲಿಲ್ಲ.

ಅಕ್ಕ ದುಡ್ಡು ಮುಟ್ಟಲಿಲ್ಲ. ಮಧ್ಯಾಹ್ನ ನಾನೂ ತೋಟ ನೋಡಿಕೊಳ್ಳುವವನೂ ಬೇಲಿಯುದ್ದಕ್ಕೂ ನಡೆದೆವು. ಏಳು ಉರುಳು ಸಿಕ್ಕವು. ಅವನು ಕತ್ತರಿಸುತ್ತ ಹೋದ, ನಾನು ಸುತ್ತಿ ಚೀಲಕ್ಕೆ ಹಾಕುತ್ತ ಹೋದೆ. ‘ಪೊಲೀಸ್ರಿಗೆ ಹೇಳ್ತೀರಾ ಅಣ್ಣಾ?’ ಎಂದು ಕೇಳಿದ. ಅವನ ಕೈ ನಡುಗುತ್ತಿತ್ತು. ಅವನು ಅರ್ಧ ಕಳೆದುಕೊಂಡ ಬೆಳೆಯಲ್ಲಿ ಅವನ ಮಗಳ ಕಾಲೇಜು ಫೀಸೂ ಇತ್ತು.

ಕಾಯಿದೆಯನ್ನು ನಾನು ಓದಲು ಕೂತದ್ದು ಆಗ. ಹೇಳಿದರೆ ಏನಾಗುತ್ತದೆ ಎಂದು ತಿಳಿಯಬೇಕಿತ್ತು. ತಿಳಿದದ್ದು ಇಷ್ಟು. ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ, ಉರುಳು ಹಾಕುವುದೂ ಹಾಕಲು ಯತ್ನಿಸುವುದೂ ಬೇಟೆಯೇ. ಕಾಡುಹಂದಿ ಈಗ, 2022ರ ತಿದ್ದುಪಡಿಯ ನಂತರ, 2ನೇ ಅನುಸೂಚಿಯಲ್ಲಿದೆ. ಬೆಳೆಗೆ ಅಪಾಯ ತಂದರೆ 11ನೇ ಸೆಕ್ಷನ್ನಿನ ಪ್ರಕಾರ ಅಧಿಕಾರಿಯ ಲಿಖಿತ ಅನುಮತಿ ಪಡೆದು ಕೊಲ್ಲಿಸಲು ಅವಕಾಶವಿದೆ. ಆ ಅನುಮತಿ ಕೊಡಬೇಕಾದವನು ಮುಖ್ಯ ವನ್ಯಜೀವಿ ಪರಿಪಾಲಕ ಅಥವಾ ಅವನು ಅಧಿಕಾರ ಕೊಟ್ಟವನು, ನಾನಲ್ಲ. ಹಿಡಿದ, ಕೊಂದ, ಸತ್ತು ಬಿದ್ದ ಕಾಡುಪ್ರಾಣಿ ಕೂಡ 39ನೇ ಸೆಕ್ಷನ್ನಿನಂತೆ ಸರ್ಕಾರದ ಸ್ವತ್ತು. ನನ್ನ ಹೊಲದಲ್ಲಿ ಬಿದ್ದಿತು ಎಂದು ಅದು ನನ್ನದಾಗುವುದಿಲ್ಲ. ಕೊನೆಗೆ 52ನೇ ಸೆಕ್ಷನ್: ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವನೂ ಅಪರಾಧಿಯೇ. ಅಂದರೆ ಟ್ರಾಫಿಕ್ಕಿನಲ್ಲಿ ಕೂತು ನಾನು ಕೊಟ್ಟ ‘ಹೂಂ’ ಕಾನೂನಿಗೆ ಒಪ್ಪಿಗೆಯಾಗಿ ಕಾಣಿಸುವುದಿಲ್ಲ, ಕುಮ್ಮಕ್ಕಾಗಿ ಕಾಣಿಸುತ್ತದೆ. ಹೂಂ ಎಂದವನಿಗೆ ಈಗಲೂ ಒಂದು ಪಾಲಿದೆ. ಅದು ತೊಡೆಯ ಪಾಲಲ್ಲ.

ಕಾಡುಪ್ರಾಣಿ ಯಾರದು, ಅದು ಓಡಾಡುವ ನೆಲ ಯಾರದು ಎಂಬುದು ಹಳೆಯ ಜಗಳ. ಆರನೇ ಶತಮಾನದ ರೋಮನ್ ಚಕ್ರವರ್ತಿ ಜಸ್ಟೀನಿಯನ್ನನ ಕಾನೂನು ಪುಸ್ತಕ, ಕಾಡುಪ್ರಾಣಿ ಹಿಡಿದವನದು, ಯಾರ ನೆಲದಲ್ಲಿ ಹಿಡಿದರೂ ಸರಿ ಎನ್ನುತ್ತದೆ. ಜೊತೆಗೇ, ಬೇಟೆಗೆ ಬರುವವನನ್ನು ಕಂಡರೆ ನೆಲದ ಒಡೆಯ ಒಳಗೆ ಬರಬೇಡ ಎನ್ನಬಹುದು ಎಂದೂ ಸೇರಿಸುತ್ತದೆ. ನಮ್ಮಲ್ಲಿ ಈ ಜಗಳಕ್ಕೆ ದೊಡ್ಡ ಕಥೆಯೇ ಇದೆ. ಕುಮಾರವ್ಯಾಸ ಓದಿದವರಿಗೆಲ್ಲ ಗೊತ್ತಿರುವ ಕಿರಾತಾರ್ಜುನರ ಪ್ರಸಂಗ. ಒಂದೇ ಹಂದಿಗೆ ಎರಡು ಬಾಣ. ಬೇಡನ ವೇಷದ ಶಿವನೂ ತಪಸ್ಸಿಗೆ ಬಂದ ಅರ್ಜುನನೂ ನನ್ನ ಬೇಟೆ ನನ್ನ ಬೇಟೆ ಎಂದು ಕಾದಾಡುತ್ತಾರೆ. ಹಂದಿ ಯಾರದು ಎಂದು ಇಬ್ಬರೂ ಕೇಳುತ್ತಾರೆ. ಬೆಟ್ಟ ಯಾರದು, ಅಲ್ಲಿ ಯಾರ ಮಂದೆ ಇದೆ ಎಂದು ಇಬ್ಬರೂ ಕೇಳುವುದಿಲ್ಲ. ನನ್ನ ತಾತ ಆ ಬೆಟ್ಟದ ತಪ್ಪಲಲ್ಲಿ ಇದ್ದಿದ್ದರೆ ಲಾಟೀನು ಹಿಡಿದು ಹೋಗಿ, ಎಷ್ಟು ಜನ ಇದ್ದೀರ ಎನ್ನುತ್ತಿದ್ದನೇನೋ.

ಆ ಭಾನುವಾರ ವಾಪಸಾಗುವಾಗ ಮುಳಬಾಗಿಲಿನ ದಾರಿ ಹಿಡಿದೆ. ನೇರ ಮನೆಗೆ ಹೋಗಲು ಮನಸ್ಸಿರಲಿಲ್ಲ. ಡಿಕ್ಕಿಯಲ್ಲಿ ತಂತಿಯ ಚೀಲವಿತ್ತು. ಆವನಿಗೆ ಹೋಗಿ ಬೆಟ್ಟದ ಕೆಳಗೆ ಗಾಡಿ ನಿಲ್ಲಿಸಿದೆ. ಮುಳಬಾಗಿಲು ತಾಲ್ಲೂಕಿನ ಆವನಿ ವಾಲ್ಮೀಕಿಯ ಆಶ್ರಮವಿದ್ದ ಜಾಗ, ಸೀತೆ ಲವಕುಶರನ್ನು ಹೆತ್ತದ್ದು ಇಲ್ಲೇ ಎಂಬುದು ನಮ್ಮ ಸೀಮೆಯವರ ನಂಬಿಕೆ. ಬೆಟ್ಟದ ಮೇಲೆ ಸೀತೆಗೆ ಗುಡಿ ಇದೆ, ಕೆಳಗೆ ನೊಳಂಬರ ಕಾಲದ ರಾಮಲಿಂಗೇಶ್ವರನ ಗುಡಿಗಳಿವೆ. ಚಿಕ್ಕಂದಿನಲ್ಲಿ ತಾತನೇ ಜಾತ್ರೆಗೆ ಕರೆತಂದು ತೋರಿಸಿದ್ದ.

ವಾಲ್ಮೀಕಿ ಕವಿಯಾದ ಕಥೆ ಕೂಡ ಬೇಟೆಯ ಕಥೆಯೇ. ಜೋಡಿಯಾಗಿದ್ದ ಕ್ರೌಂಚಗಳಲ್ಲಿ ಗಂಡನ್ನು ಬೇಡನೊಬ್ಬ ಹೊಡೆದ. ಉಳಿದ ಹೆಣ್ಣಿನ ಗೋಳು ಕೇಳಿದ ಋಷಿಯ ಬಾಯಿಂದ ಹೊರಟ ಶಾಪವೇ ಮೊದಲ ಶ್ಲೋಕವಾಯಿತು. ಬೇಡ ಬೇಟೆಯಾಡಿದ್ದಕ್ಕೆ ಬಿದ್ದ ಶಾಪವಲ್ಲ ಅದು, ಯಾವ ಹೊತ್ತಿನಲ್ಲಿ ಆಡಬಾರದೋ ಆ ಹೊತ್ತಿನಲ್ಲಿ ಆಡಿದ್ದಕ್ಕೆ ಎಂದು ಶಾಲೆಯಲ್ಲಿ ಮೇಷ್ಟರು ಹೇಳಿಕೊಟ್ಟಿದ್ದರು. ಬಲೆಯವರು ಗಬ್ಬದ ಮೊಲವನ್ನು ಬಿಡುತ್ತಿದ್ದುದೂ ಅದೇ ಪಾಠ. ಆದರೆ ಆ ದಿನ ಬಂಡೆಯ ಮೇಲೆ ಕೂತಾಗ ನನಗೆ ಹೊಳೆದದ್ದು ಬೇರೆ. ಅಲ್ಲಿ ಮೂವರಿದ್ದರು: ಹೊಡೆದವನು, ಸತ್ತದ್ದು, ಕಂಡವನು. ಕಂಡವನು ಸುಮ್ಮನಿದ್ದಿದ್ದರೆ ಕಥೆಯೇ ಇಲ್ಲ. ನಾವು ಸಾವಿರಾರು ವರ್ಷ ಬೇಡನ ತಪ್ಪನ್ನು ಹೇಳಿಕೊಂಡು ಬಂದಿದ್ದೇವೆ. ಊರಿನಲ್ಲಿ ಏನು ಕಳುವಾದರೂ ಮೊದಲು ಬೇಡನನ್ನೇ ಕರೆತಂದು ನಿಲ್ಲಿಸಿದ್ದೇವೆ. ಕಂಡವನ ಕೆಲಸವನ್ನು ಮಾತ್ರ ಮರೆತಿದ್ದೇವೆ. ಅರಳಿಕಟ್ಟೆಯಲ್ಲಿ ಟವೆಲ್ಲು ಕೊಡವಿದ ತಾತ ಹೂಂ ಅಂದವನಾಗಿದ್ದ. ಆದ್ದರಿಂದಲೇ ಆ ರಾತ್ರಿಗೆ ಸಾಕ್ಷಿಯೂ ಆಗಿದ್ದ. ಒಪ್ಪಿಗೆ ಕೊಟ್ಟವನು ಸಾಕ್ಷಿ ಹೇಳುವ ಸಾಲವನ್ನೂ ಹೊತ್ತುಕೊಂಡಿರುತ್ತಾನೆ. ಪಾಲು ತಿಂದು ಸಾಲ ತೀರಿಸದೆ ಹೋದ.

ತಾತನ ಮೇಲೆ ಈಗ ಕೋಪವಿಲ್ಲ. ಅವನು ಅಲ್ಲಿದ್ದೂ ಬಾಯಿಬಿಡಲಿಲ್ಲ, ನಾನು ಅಲ್ಲಿಲ್ಲದೆ ಬಾಯಿಬಿಟ್ಟೆ. ಎರಡರಲ್ಲಿ ಯಾವುದು ದೊಡ್ಡ ತಪ್ಪೆಂದು ಅಕ್ಕನನ್ನು ಕೇಳಿದರೆ ಅವಳು ನಕ್ಕು ಕುರಿ ಅಟ್ಟಿಕೊಂಡು ಹೋದಾಳು.

ದೂರು ಕೊಡಲಿಲ್ಲ. ಅದು ಸರಿಯೋ ತಪ್ಪೋ ಇನ್ನೂ ತೀರ್ಮಾನವಾಗಿಲ್ಲ. ಕೊಟ್ಟಿದ್ದರೆ ಮೊದಲ ಹೆಸರು ನನ್ನದಾಗಬೇಕಿತ್ತು ಎಂಬುದಷ್ಟೇ ಗೊತ್ತು. ಉರುಳು ಹಾಕಿದ ಹುಡುಗರನ್ನು ಕರೆಸಿ, ಅಕ್ಕನ ಮುಂದೆ ಕೂರಿಸಿ, ನಾನೇ ಹೂಂ ಅಂದದ್ದು ಎಂದು ಅವರೆದುರಿಗೇ ಇನ್ನೊಮ್ಮೆ ಹೇಳಿದೆ. ಅವರಲ್ಲೊಬ್ಬ ತಿಂಗಳ ಮೇಲೆ ಒಂದು ನಾಯಿಮರಿ ತಂದು ಅಕ್ಕನ ಹಟ್ಟಿಯ ಮುಂದೆ ಬಿಟ್ಟುಹೋದನಂತೆ. ಬೆಳೆಹಾನಿಯ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಹಾಕಿಸಿದೆ. ಪಹಣಿ ನನ್ನ ಹೆಸರಿನಲ್ಲಿ, ನಷ್ಟ ಅವನದು. ಆದ್ದರಿಂದ ನಾನೇ ಓಡಾಡಬೇಕಾಯಿತು, ಅದು ನ್ಯಾಯವೇ. ಹಂದಿ ಈಗಲೂ ಬರುತ್ತದೆ. ಕಡಲೆಕಾಯಿ ಬಿಟ್ಟು ಹುರುಳಿ ಹಾಕಿ ನೋಡುತ್ತಿದ್ದೇವೆ. ರಾತ್ರಿ ಅವನು ಡಬ್ಬ ಬಾರಿಸುತ್ತಾನೆ. ತಿಂಗಳಿಗೆರಡು ರಾತ್ರಿ ನಾನೂ ಹೋಗಿ ಅಟ್ಟಣೆಯ ಮೇಲೆ ಅವನ ಜೊತೆ ಕೂರುತ್ತೇನೆ. ಹಾಳು ಬಾವಿಗೆ ಕಟ್ಟೆ ಕಟ್ಟಿಸಿದ್ದೇನೆ.

ಕಳೆದ ಚಳಿಗಾಲದಲ್ಲಿ ಮತ್ತೆ ಅವನ ಫೋನು. ‘ಅಣ್ಣಾ, ಜೇನು ಕೀಳೋರು ಬಂದವ್ರೆ. ಮೇಲಿನ ತೋಟದ ಮರದಾಗೆ ಕೋಲುಜೇನು ಐತಂತೆ. ಇಳೀಬೋದಾ ಅಂತ ಬದಿನ ಹತ್ರ ನಿಂತವ್ರೆ.’

‘ಒಳಕ್ಕೆ ಬಂದವ್ರಾ?’

‘ಇಲ್ಲಣ್ಣಾ. ಆಚೇನೇ ನಿಂತವ್ರೆ.’

ಗಾಡಿಯನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದೆ. ಎಷ್ಟು ಜನ ಎಂದು ಕೇಳಿದೆ. ಯಾವ ಕಡೆಯಿಂದ ಇಳೀತಾರೆ, ಯಾವಾಗ ಎದ್ದು ಹೋಗ್ತಾರೆ ಎಂದು ಕೇಳಿದೆ. ಹೊಗೆ ಹಾಕುವಾಗ ಕಿಡಿ ಬೀಳದಂತೆ ನೋಡಿಕೊಳ್ಳಲು ಹೇಳಿದೆ. ಅಕ್ಕನ ಮಂದೆ ಈಗ ಎಲ್ಲಿದೆ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ.

‘ನೋಡಿ ಬಂದು ಹೇಳು. ಆಮೇಲೆ ಹೂಂ ಅನ್ನೋಣ’ ಎಂದೆ. ಫೋನು ಹಾಗೇ ಕಿವಿಗೆ ಹಿಡಿದುಕೊಂ ಡೇ ಕಾದೆ.